ಹೆಸರಿನ ಜಾಗದಲ್ಲಿ ಕುಡುಗೋಲು

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಮೇಲು. ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ. ಅವರು ರಾಮನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರು, ನೀರಿಗೆ ಬಿದ್ದ ಬಣ್ಣದಷ್ಟು ಮೆತ್ತಗಿನ ಮನುಷ್ಯ. ಮನೆಗೆ ಬಂದವರ ಕೈಗೆ ಕಾಫಿ ಕೊಡುವಾಗ, ‘ಸಕ್ಕರೆ ಕಮ್ಮಿಯಾದರೆ ನನ್ನನ್ನು ಕೇಳಿ, ಅವಳನ್ನು ಕೇಳಬೇಡಿ’ ಎಂದು ಪಿಸುಗುಟ್ಟುತ್ತಾರೆ. ಆದರೆ ನನ್ನ ಸಿಟ್ಟನ್ನು ಅವರಿಗಿಂತ ಹತ್ತಿರದಿಂದ ನಾನು ನೋಡಿದ್ದೇನೆ. ಅದರಲ್ಲಿ ಎರಡು ಬಗೆ. ಒಂದು, ತಪ್ಪು ಮಾಡಿದ ಮನುಷ್ಯರ ಮೇಲೆ ಬರುವುದು. ಅದು ಹಾಲು ಉಕ್ಕಿದ ಹಾಗೆ; ಒಲೆ ಆರಿಸಿದರೆ ತಾನಾಗಿ ಇಳಿಯುತ್ತದೆ. ಇನ್ನೊಂದು, ಚೆನ್ನಾಗಿದ್ದದ್ದನ್ನು ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಬಂದು, ಕೆಡಿಸಿ, ಕೈ ಒರೆಸಿಕೊಂಡು ಹೋದವರ ಮೇಲೆ ಬರುವುದು. ಅದು ಇಳಿಯುವುದಿಲ್ಲ. ಈಗ ಇದನ್ನು ಬರೆಯುತ್ತಿರುವಾಗಲೂ ಪೆನ್ನನ್ನು ಬೇಕಾದ್ದಕ್ಕಿಂತ ಒತ್ತಿ ಹಿಡಿದಿದ್ದೇನೆ.

ನಮ್ಮ ಕುಕ್ಕರಿನ ವಿಷಯವನ್ನೇ ತೆಗೆದುಕೊಳ್ಳಿ. ನನ್ನ ಮದುವೆಯಲ್ಲಿ ಬಂದ ಕುಕ್ಕರು, ಒಂದು ದಿನವೂ ಬೇಳೆಯನ್ನು ಅರೆಬೆಂದು ಕೊಟ್ಟದ್ದಿಲ್ಲ. ಅದರ ರಬ್ಬರು ಹೋಯಿತೆಂದು ಅಂಗಡಿಗೆ ಹೋದರೆ ಅಂಗಡಿಯವನು ಹಳೆಯ ರಬ್ಬರನ್ನು ಸತ್ತ ಹಾವಿನ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಈಗೆಲ್ಲ ಹೊಸ ಮಾಡ್ಲು ಮೇಡಂ, ಇದ್ಕೆ ರಬ್ಬರ್ ಬರಲ್ಲ. ಕುಕ್ಕರ್ರೇ ತಗಂಡ್ಬುಡಿ’ ಎಂದ. ಮೊಬೈಲ್ ಚಾರ್ಜರಿನದೂ ಇದೇ ಕತೆ. ಆಗ ದಪ್ಪ ಪಿನ್ನು, ಸಣ್ಣ ಪಿನ್ನು ಎಂದು ಎರಡು ಕುಲಗಳಿದ್ದವು. ನೆಂಟರ ಮನೆಗೆ ಹೋದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ‘ಆರೋಗ್ಯವಾ’ ಅಲ್ಲ, ‘ನಿಮ್ಮದು ದಪ್ಪ ಪಿನ್ನಾ’ ಎಂದು. ನಾನು ಎರಡನ್ನೂ ಸಹಿಸಿಕೊಂಡೆ. ಬೇಳೆ ಬೇಯದಿದ್ದರೆ ಒಂದು ಹೊತ್ತಿನ ಸಾರು ಕೆಡುತ್ತದೆ, ಅಷ್ಟೆ. ಹೆಂಗಸರ ಹೆಸರು ಕೆಟ್ಟಾಗ ಮಾತ್ರ ನನಗೆ ಸಹಿಸಲು ಆಗಲಿಲ್ಲ.

ಆ ದಿನಗಳಲ್ಲಿ ನಾನು ರಾಮನಗರ ಚನ್ನಪಟ್ಟಣಗಳ ನಡುವೆ, ಹೈವೇ ಬದಿಯ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಟೈಮ್ ಆಫೀಸ್ ನೋಡಿಕೊಳ್ಳುತ್ತಿದ್ದೆ. ರಸ್ತೆ ಅಗಲವಾಗುತ್ತಿತ್ತು, ಹಿಪ್ಪುನೇರಳೆ ತೋಟಗಳಿದ್ದ ಕಡೆ ತಗಡಿನ ಶೆಡ್ಡುಗಳು ಏಳುತ್ತಿದ್ದವು. ನಮ್ಮ ಶೆಡ್ಡಿನೊಳಗೆ ಐನೂರಕ್ಕೂ ಮೇಲೆ ಹೆಂಗಸರು ಯಾವ್ಯಾವುದೋ ದೇಶದ ಗಂಡಸರಿಗೆ ಅಂಗಿ ಹೊಲಿಯುತ್ತಿದ್ದರು. ಅವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಯಾರು ರಜೆ, ಯಾರು ಹೇಳದೆ ಕೇಳದೆ ಮನೆಯಲ್ಲಿ ಉಳಿದರು, ಇವಿಷ್ಟನ್ನು ಬರೆದಿಡುವುದು ನನ್ನ ಕೆಲಸ. ಮೊದಲು ದೊಡ್ಡ ದೊಡ್ಡ ರಿಜಿಸ್ಟರುಗಳಿದ್ದವು. ಆಮೇಲೆ ಫಯಾಜ್ ಬಂದ.

ಫಯಾಜ್ ಚನ್ನಪಟ್ಟಣದವನು. ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವವರು. ಇವನೊಬ್ಬ ಎಲೆಕ್ಟ್ರಿಷಿಯನ್ ಆಗಿ ನಮ್ಮಲ್ಲಿ ಸೇರಿ, ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸೀಡಿಗಳನ್ನು ಹಾಕಿ ಹಾಕಿ ತಾನೇ ಕಲಿತಿದ್ದ. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಕಂಪ್ಯೂಟರನ್ನು ಒರೆಸಿ, ಅದನ್ನು ಸರ್ವರ್ ಎಂದು ಕರೆದು, ಅದರಲ್ಲಿ ಹಾಜರಿಯ ಪ್ರೋಗ್ರಾಂ ಕೂರಿಸಿದ. ಸಾಫ್ಟ್‌ವೇರೆಲ್ಲ ಓಪನ್ ಸೋರ್ಸ್ ಎಂದ. ‘ಅಂದರೆ ಬಿಟ್ಟಿಯಾ?’ ಎಂದು ಕೇಳಿದೆ. ‘ಬಿಟ್ಟಿ ಅಲ್ಲ ಮೇಡಂ, ಬಿಚ್ಚಿಟ್ಟಿರೋದು. ಹೋಟ್ಲಲ್ಲಿ ಅಡುಗೆಮನೆ ಬಾಗ್ಲು ತೆಗೆದಿಟ್ಟಂಗೆ. ಯಾರ್ ಬೇಕಾದ್ರೂ ಒಳೀಕ್ ಹೋಗಿ ನೋಡ್ಬೋದು, ಒಗ್ಗರಣೆ ಬದ್ಲಾಯಿಸ್ಕೋಬೋದು’ ಎಂದ. ಅವನು ಹಾಗೇ ಬದಲಾಯಿಸಿಕೊಂಡು ಒಂದು ಕೆಲಸ ಮಾಡಿದ್ದ. ಗೇಟಿನ ಬಳಿ ಕಾರ್ಡು ಉಜ್ಜಿದ ಕೂಡಲೇ ಆ ಹೆಂಗಸಿನ ಹೆಸರು ಪರದೆಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಮೊದಲ ದಿನ ಸಾತನೂರಿನ ಕಡೆಯ ಹೆಂಗಸರು ಕಾರ್ಡು ಉಜ್ಜಿದವರು ಮುಂದೆ ಹೋಗದೆ ಅಲ್ಲೇ ನಿಂತುಬಿಟ್ಟರು. ಅವರ ಹೆಸರು ಅದುವರೆಗೆ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರಿನ ಕೆಳಗೆ ಮಾತ್ರ ಇತ್ತು. ಸಾಲು ರಸ್ತೆಯವರೆಗೂ ಬೆಳೆದು, ನಾನು ಕೂಗಾಡಿ ಒಳಗೆ ಕಳಿಸಬೇಕಾಯಿತು.

ಆ ಪ್ರೋಗ್ರಾಂ ಮೂರು ವರ್ಷ ಓಡಿತು. ಕರೆಂಟು ಹೋದಾಗ ನಿಂತಿತು, ಬಂದಾಗ ಎದ್ದಿತು. ಬೇರೆ ತಕರಾರು ಮಾಡಿದ್ದು ನನಗೆ ನೆನಪಿಲ್ಲ. ಅಷ್ಟರಲ್ಲಿ ಫಯಾಜ್ ಕೆಲಸ ಬಿಟ್ಟು ಕನಕಪುರದಲ್ಲಿ ಸ್ವಂತ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿಕೊಂಡ. ಅವನು ಹೋದ ಮೇಲೆ ಆ ಸರ್ವರನ್ನು ನಾನು ನಮ್ಮತ್ತೆಯ ಹಿತ್ತಾಳೆ ಹಂಡೆಯ ಹಾಗೆ ನೋಡಿಕೊಂಡೆ. ಒರೆಸುತ್ತಿದ್ದೆ, ಒಳಗೆ ಏನಿದೆ ಎಂದು ಕೇಳುತ್ತಿರಲಿಲ್ಲ.

ಹೀಗಿರುವಾಗ ಹೆಡ್ ಆಫೀಸು ಒಬ್ಬ ಕನ್ಸಲ್ಟೆಂಟನ್ನು ಕಳಿಸಿತು. ಹೆಸರು ಸಂದೀಪ್ ಎಂದಿಟ್ಟುಕೊಳ್ಳೋಣ. ಇಸ್ತ್ರಿ ಮುರಿಯದ ಅಂಗಿ, ಕಿವಿಯ ಮೇಲೆ ಏನೋ ಮಿನುಗುವ ಯಂತ್ರ. ಸರ್ವರಿನ ಮುಂದೆ ಕೂತು ಎರಡು ಗುಂಡಿ ಒತ್ತಿ, ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುವ ದನಿಯಲ್ಲಿ, ‘ಇದು ತುಂಬಾ ಹಳೇ ವರ್ಷನ್ ಮೇಡಂ. ಎಂಡ್ ಆಫ್ ಲೈಫ್ ಆಗಿದೆ’ ಎಂದ. ನಾನು, ‘ಓಡುತ್ತಿದೆಯಲ್ಲಪ್ಪ’ ಎಂದೆ. ‘ಓಡುತ್ತೆ. ಆದ್ರೆ ಸಪೋರ್ಟ್ ಇಲ್ಲ. ಅದನ್ನ ಮಾಡಿದೋರು ಈಗ ಇದನ್ನ ನೋಡ್ತಾ ಇಲ್ಲ, ಮುಂದಿನದಕ್ಕೆ ಹೋಗಿದ್ದಾರೆ. ಯಾರಾದ್ರೂ ಕಳ್ಳರು ನುಗ್ಗಿದ್ರೆ ತಡೆಯೋರಿಲ್ಲ.’ ನಮ್ಮ ಹೆಂಗಸರು ಎಷ್ಟು ಹೊತ್ತಿಗೆ ಬಂದರೆಂದು ಕದಿಯಲು ಯಾವ ಕಳ್ಳ ಬರುತ್ತಾನೋ ನನಗೆ ಹೊಳೆಯಲಿಲ್ಲ. ಮೂರು ವರ್ಷಕ್ಕೆ ಆಯಸ್ಸು ಮುಗಿಯುವ ವಸ್ತುವನ್ನು ಪ್ರಪಂಚಕ್ಕೆ ಕೊಟ್ಟು, ಆಮೇಲೆ ಮುಂದಿನ ಬೀದಿಗೆ ಮನೆ ಬದಲಾಯಿಸಿದವರ ಮೇಲೆ ಅವತ್ತೇ ಒಂದು ಕಿಡಿ ಹತ್ತಿತು. ಆದರೂ ಹೂಂ ಎಂದೆ. ಅವನ ಅಂಗಿ ಅಷ್ಟು ಬಿಳಿಯಾಗಿತ್ತು.

ಶನಿವಾರ ಮಧ್ಯಾಹ್ನ ಶಿಫ್ಟು ಬಿಟ್ಟ ಮೇಲೆ ಅಪ್‌ಗ್ರೇಡ್ ನಡೆಯಿತು. ಹಳೆಯ ಡಿಸ್ಕನ್ನು ಬಿಚ್ಚಿ ದೊಡ್ಡದೊಂದನ್ನು ಹಾಕಿದ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದ, ಹೊಸ ಡೇಟಾಬೇಸು, ಹೊಸ ಪ್ರೋಗ್ರಾಂ ಕೂರಿಸಿದ. ಸಂಜೆ ಐದಕ್ಕೆ ಮುಗಿಯಿತು. ‘ಈಗ ಲೇಟೆಸ್ಟ್’ ಎಂದು ಹೇಳಿ ಬೆಂಗಳೂರಿನ ರೈಲು ಹತ್ತಿದ.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಮೊದಲು ಕಾರ್ಡು ಉಜ್ಜಿದವಳು ಕಾಲರ್ ಲೈನಿನ ಮಾದೇವಿ. ಪರದೆಯನ್ನು ನೋಡಿದಳು, ಕಾರ್ಡನ್ನು ನೋಡಿದಳು, ಇನ್ನೊಮ್ಮೆ ಉಜ್ಜಿದಳು. ‘ಮೇಡಂ, ಒಸಿ ಬನ್ನಿ. ನನ್ನೆಸ್ರು ಬರೋ ತಾವ ಕುಡ್ಗೋಲು ಬಂದೈತೆ’ ಎಂದಳು. ಹೋಗಿ ನೋಡಿದೆ. ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದವು. ಹೊಲದ ಕೆಲಸ ಬಲ್ಲ ಕಣ್ಣಿಗೆ ಅವು ಕುಡುಗೋಲೇ. ಹಿಂದಿನವಳು ಉಜ್ಜಿದಳು, ಅವಳಿಗೂ ಕುಡುಗೋಲು. ‘ನಿಂಗೆಷ್ಟ್ ಬಂದೊ?’ ‘ಆರು.’ ‘ನಂಗೆ ಒಂಬತ್ತು ಬಂದೈತೆ ಕಣೆ. ರಾಗಿ ಕುಯ್ಯಕ್ಕೆ ಆಳು ಕರೆಯಂಗಿಲ್ಲ ಬುಡು’ ಎಂದು ಸಾಲಿನಲ್ಲಿ ನಗು ಎದ್ದಿತು. ನಾನೂ ನಗಬಹುದಿತ್ತು. ಆದರೆ ಮಾದೇವಿ ನಗುತ್ತಿರಲಿಲ್ಲ. ಇನ್ನೂ ಪರದೆಯನ್ನೇ ನೋಡುತ್ತ ನಿಂತಿದ್ದಳು, ಹಿಂದೆ ಎಂದೋ ಮೊದಲ ದಿನ ನಿಂತಿದ್ದ ಹಾಗೆ.

ಸಂದೀಪನಿಗೆ ಫೋನು ಮಾಡಿದೆ. ಅವನು ಶಾಂತವಾಗಿ, ‘ಓ, ಕ್ಯಾರೆಕ್ಟರ್ ಸೆಟ್ ಪ್ರಾಬ್ಲಂ’ ಎಂದ. ಬಿಡಿಸಿ ಹೇಳಿಸಿದಾಗ ಗೊತ್ತಾದದ್ದಿಷ್ಟು: ಹಳೆಯ ಡೇಟಾಬೇಸು, ಕೊಟ್ಟ ಅಕ್ಷರವನ್ನು ಕೊಟ್ಟ ಹಾಗೇ ಇಟ್ಟುಕೊಂಡು ಕೇಳಿದಾಗ ಹಾಗೇ ಹಿಂದಕ್ಕೆ ಕೊಡುತ್ತಿತ್ತು. ಯಾವ ಲಿಪಿ, ಯಾರ ಲಿಪಿ ಎಂದು ಕೇಳುತ್ತಿರಲಿಲ್ಲ. ಹೊಸತು ಬುದ್ಧಿವಂತ. ಒಳಗೆ ಬರುವ ಪ್ರತಿ ಅಕ್ಷರವನ್ನೂ ನೀನು ಯಾವ ಲಿಪಿಯವನು ಎಂದು ಕೇಳುತ್ತದೆ. ಉತ್ತರ ಹೇಳಬೇಕಾದವನು ಹೇಳದಿದ್ದರೆ ಇಂಗ್ಲಿಷ್ ಇರಬೇಕೆಂದು ತಾನೇ ತೀರ್ಮಾನಿಸಿ, ಇಂಗ್ಲಿಷಿನಲ್ಲಿ ಸಿಗದ್ದಕ್ಕೆಲ್ಲ ಒಂದೊಂದು ಪ್ರಶ್ನೆ ಚಿಹ್ನೆ ಒತ್ತುತ್ತದೆ. ಒತ್ತಿದ ಮೇಲೆ ಕೆಳಗಿನ ಅಕ್ಷರ ಹೋಯಿತು. ‘ಇಂಥ ತಪ್ಪು ಸಾಫ್ಟ್‌ವೇರಿನಲ್ಲಿ ಇಟ್ಟುಕೊಂಡು ಹೇಗಪ್ಪ ಹೊರಗೆ ಬಿಟ್ಟರು?’ ಎಂದೆ. ‘ತಪ್ಪಲ್ಲ ಮೇಡಂ, ಬದಲಾವಣೆ. ಹೊಸ ವರ್ಷನ್ ಜೊತೆ ಏನೇನು ಬದಲಾಗಿದೆ ಅಂತ ರಿಲೀಸ್ ನೋಟ್ಸ್ ಕೊಡ್ತಾರೆ, ಅದ್ರಲ್ಲಿ ಕ್ಲಿಯರ್ ಆಗಿ ಬರೆದಿದ್ದಾರೆ.’ ‘ನೀನು ಓದಿದೆಯಾ?’ ಎಂದು ಕೇಳಿದೆ. ಅವನು ಸಿಗ್ನಲ್ ಇಲ್ಲ ಎಂದ. ಸಿಗ್ನಲ್ ಇಲ್ಲ ಎನ್ನುವುದು ಅಷ್ಟು ಸ್ಪಷ್ಟವಾಗಿ ಕೇಳಿದ್ದು ನನಗೆ ಅದೇ ಮೊದಲು. ಆ ದಿನ ನಾನು ಟೇಬಲ್ಲಿನ ಮೇಲೆ ಫೋನು ಇಟ್ಟ ರಭಸಕ್ಕೆ ಪಕ್ಕದ ಕೋಣೆಯ ಸ್ಟೋರಿನವರು ಟ್ರಾನ್ಸ್‌ಫಾರ್ಮರ್ ಹೋಯಿತೆಂದು ಎದ್ದು ಬಂದರು.

ಹೆಸರು ಹೋದರೆ ಮತ್ತೆ ಬೆರಳಚ್ಚು ಮಾಡಿದರಾಯಿತು, ಐನೂರು ಹೆಸರು ಒಂದು ವಾರದ ಕೆಲಸ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ನಿಜವಾದ ಅನಾಹುತ ಇನ್ನೊಂದು ಕಾಲಮ್ಮಿನಲ್ಲಿ ಕೂತಿತ್ತು. ರಜೆಯ ಮೇಲಿದ್ದವರ ಮುಂದೆ ನಾವು ಕನ್ನಡದಲ್ಲಿ ‘ರಜೆ’ ಎಂದು ಬರೆಯುತ್ತಿದ್ದೆವು. ಅದೂ ಕುಡುಗೋಲಾಗಿತ್ತು. ಹೊಸ ಪ್ರೋಗ್ರಾಮಿಗೆ ಕುಡುಗೋಲೆಂದರೆ ರಜೆಯಲ್ಲ, ಗೈರುಹಾಜರಿ. ಹತ್ತು ದಿನಕ್ಕೂ ಮೇಲೆ ಹೇಳದೆ ಗೈರುಹಾಜರಾದವರಿಗೆ, ನೀವು ಕೆಲಸ ಬಿಟ್ಟಿದ್ದೀರೆಂದು ತಿಳಿಯಲಾಗಿದೆ ಎಂಬ ಕಾಗದವನ್ನು, ಕನ್ನಡದಲ್ಲಿ ಮೊದಲೇ ಅಚ್ಚಾದ ನಮೂನೆಗೆ ಹೆಸರು, ಟೋಕನ್ ನಂಬರು ತುಂಬಿ, ಅದು ತಾನಾಗಿಯೇ ಅಚ್ಚು ಹಾಕುತ್ತಿತ್ತು. ಇದೂ ಲೇಟೆಸ್ಟಿನ ಒಂದು ಸೌಲಭ್ಯ. ಹನ್ನೊಂದು ಕಾಗದ ಅಚ್ಚಾದವು. ಮ್ಯಾನೇಜರು ಹನ್ನೊಂದಕ್ಕೂ ಸಹಿ ಹಾಕಿದರು. ಹನ್ನೊಂದೂ ಅಂಚೆಗೆ ಹೋದವು. ನಾನು ಆಗ ಒಂದೊಂದಾಗಿ ಹೆಸರು ಕುಟ್ಟುತ್ತಾ ಕೂತಿದ್ದೆ.

ಗುರುವಾರ ಬೈರಾಪಟ್ಟಣದ ಚಿಕ್ಕತಾಯಮ್ಮ ಬಂದಳು. ಕಾಲರ್ ಲೈನಿನಲ್ಲಿ ಆರು ವರ್ಷದಿಂದ ಇದ್ದವಳು. ಅವಳು ಹೊಲಿದ ಕಾಲರನ್ನು ಕ್ವಾಲಿಟಿಯವರು ತಿರುಗಿಸಿಯೂ ನೋಡುತ್ತಿರಲಿಲ್ಲ. ಗರ್ಭಕೋಶದ ಆಪರೇಷನ್ನಿಗೆಂದು ಒಂದೂವರೆ ತಿಂಗಳು ರಜೆ ಕೇಳಿದ್ದಳು, ನಾನೇ ಬರೆದುಕೊಂಡಿದ್ದೆ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಬೆಂಚಿನ ತುದಿಯಲ್ಲಿ ಮೆಲ್ಲಗೆ ಕೂತು, ಕಾಗದ ಮುಂದೆ ಚಾಚಿದಳು. ‘ಶ್ರೀಮತಿ’ ಎಂದು ಇತ್ತು. ಆಮೇಲೆ ಕುಡುಗೋಲುಗಳು. ಆಮೇಲೆ ‘ಅವರಿಗೆ’ ಎಂದಿತ್ತು.

‘ಇದು ನಿನಗೇ ಎಂದು ಹೇಗೆ ಗೊತ್ತಾಯಿತು?’ ಎಂದು ಕೇಳಿದೆ, ಕೇಳಬೇಕಾದ್ದೇನೂ ತೋಚದೆ.

‘ಪಿನ್‌ಕೋಡ್ ನಂಬ್ರ ನೋಡ್ಕಂಡು ಬಂದ ಪೋಸ್ಟ್‌ಮನ್ನು ಡೈರಿ ತಾವ ನಿಂತ್ಕಂಡು, ಫ್ಯಾಕ್ಟ್ರಿಗೋಗೋರು ಯಾರಾರಿದ್ದೀರಿ ಬನ್ನಿ ಅಂದ. ನಾವು ಐದ್ ಜನ ಇದ್ದೀವಿ ಊರಲ್ಲಿ. ಐದ್ ಜನಾನೂ ನಡುಗ್ಬುಟ್ವಿ ಮೇಡಂ. ಒಡೆದ್ ನೋಡುದ್ರೆ ಕೆಳಗಡೆ ಟೋಕನ್ ನಂಬ್ರ ಐತೆ. ನಂದೇ.’ ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಸಿದಳು. ‘ತೆಗ್ಯೋದಾದ್ರೆ ತೆಗೀರಿ. ಹೆಸ್ರಾದ್ರೂ ಬರ್ದು ತೆಗೀಬೋದಿತ್ತು.’

ಕೂಗಾಡಿದ್ದರೆ ನಾನೂ ಕೂಗಾಡಿ ಹಗುರವಾಗುತ್ತಿದ್ದೆ. ಅವಳು ಕೂಗಾಡಲಿಲ್ಲ. ಅವಳ ಪಾಲಿನ ಕೂಗನ್ನೂ ಸೇರಿಸಿಕೊಂಡು ನಾನು ಮ್ಯಾನೇಜರ ಕೋಣೆಗೆ ನುಗ್ಗಿದೆ. ಅವರು ಕೆಟ್ಟವರಲ್ಲ, ಆದರೆ ಒಂದು ಗೋಡೆಗೆ ಒರಗಿದರೆ ಗೋಡೆ ಬೀಳುವವರೆಗೂ ಅಲ್ಲೇ ಇರುವ ಜಾತಿ. ‘ಸಿಸ್ಟಂ ಹೇಳ್ತಾ ಇದೆಯಲ್ಲಮ್ಮ, ರಜೆ ಇಲ್ಲ ಅಂತ’ ಎಂದರು. ನಾನು, ‘ಸಿಸ್ಟಂ ಅವಳ ಹೆಸರೇ ಇಲ್ಲ ಅಂತಿದೆ ಸಾರ್, ಅದನ್ನೂ ನಂಬುತ್ತೀರಾ?’ ಎಂದೆ. ಆಪರೇಷನ್ನಿನ ಚೀಟಿ ತೋರಿಸಿದೆ. ಅದರಿಂದ ಆಪರೇಷನ್ ಆದದ್ದು ರುಜುವಾತಾಗುತ್ತದೆ, ರಜೆ ಕೇಳಿದ್ದು ರುಜುವಾತಾಗುವುದಿಲ್ಲ ಎಂದರು. ‘ಬೇಕಾದರೆ ಸೋಮವಾರ ಹೊಸಬಳಾಗಿ ಸೇರಲಿ. ಹೆಲ್ಪರ್ ಜಾಗ ಇದೆ. ಅವಳ ಮೆಷಿನ್ನಿಗೆ ಬೇರೆಯವರನ್ನ ಹೇಳಿಯಾಗಿದೆ.’ ಆರು ವರ್ಷ ಕಾಲರ್ ಹೊಲಿದವಳು, ದಾರ ಕತ್ತರಿಸುವ ಹೊಸಬಳು. ‘ರಜೆ ಅರ್ಜಿ ಇದ್ದರೆ ತೋರಿಸಿ, ಈಗಲೇ ಸರಿ ಮಾಡ್ತೀನಿ’ ಎಂದರು.

ರಜೆ ಅರ್ಜಿಗಳಿರಲಿಲ್ಲ. ಇನ್ನು ಮುಂದೆ ಎಲ್ಲ ಕಂಪ್ಯೂಟರಿನಲ್ಲೇ, ಕಾಗದ ಬೇಡ ಎಂದು ಹೆಡ್ ಆಫೀಸು ಸುತ್ತೋಲೆ ಕಳಿಸಿದ್ದಾಗ, ಅರ್ಜಿಯ ಕಟ್ಟುಗಳನ್ನು ಹರಿದು ಹಾಕಿಸಿದವಳು ನಾನೇ. ಅಷ್ಟು ಬೇಗ ಮಾಡಿದ್ದಕ್ಕೆ ಮೀಟಿಂಗಿನಲ್ಲಿ ಚಪ್ಪಾಳೆಯೂ ಬಿದ್ದಿತ್ತು. ಮ್ಯಾನೇಜರಿಗೆ ಅದೆಲ್ಲ ನೆನಪಿತ್ತು. ಅವರ ಮುಖದಲ್ಲಿ ಮೂಡಿದ ಸಣ್ಣ ನಗೆಯನ್ನು ಕಂಡು ನನಗೆ ಬಂದ ಸಿಟ್ಟನ್ನು ಬರೆಯುವುದು ಬೇಡ. ನಮ್ಮ ಮನೆಯವರು ಇದನ್ನು ಓದುತ್ತಾರೆ.

ಶುಕ್ರವಾರ ರಜೆ ಹಾಕಿ ಚನ್ನಪಟ್ಟಣದಿಂದ ಕನಕಪುರದ ಬಸ್ಸು ಹಿಡಿದೆ. ಸಾತನೂರಿನವರೆಗೆ ಬಸ್ಸು ನಿಂತಲ್ಲಿ ನಿಂತು, ಕೂಗಿದಲ್ಲಿ ನಿಂತು, ಕೂಗದಿದ್ದರೂ ಯಾರಾದರೂ ಕೂಗಿಯಾರೆಂದು ನಿಂತು ಹೋಯಿತು. ಹಾಲಿನ ಕ್ಯಾನು ಹಿಡಿದವರೊಬ್ಬರು ನನ್ನ ಮುಖ ನೋಡಿ, ಜಾಗ ಕೊಡಲು ಎದ್ದವರು ಪಕ್ಕದ ಸೀಟಿಗೂ ಬರದೆ ಹಿಂದಕ್ಕೆ ಹೋಗಿ ನಿಂತರು. ಕಂಡಕ್ಟರು ಟಿಕೆಟ್ಟಿನ ಜೊತೆ ಚಿಲ್ಲರೆಯನ್ನು ಕೇಳುವ ಮೊದಲೇ ಕೊಟ್ಟುಬಿಟ್ಟ. ನನ್ನ ಮುಖ ಅವತ್ತು ಹೇಗಿತ್ತೆಂದು ಅದರಿಂದಲೇ ಊಹಿಸಿದ್ದೇನೆ.

ಫಯಾಜನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ನನ್ನನ್ನು ಕಂಡು ಸ್ಟೂಲು ಒರೆಸಿದ, ಟೀ ತರಿಸಿದ, ನಾನು ಹೇಳಿದ್ದೆಲ್ಲವನ್ನೂ ಮಧ್ಯೆ ಬಾಯಿ ಹಾಕದೆ ಕೇಳಿದ. ಕುಡುಗೋಲು ಎಂದಾಗ ಮಾತ್ರ ಕಣ್ಣು ಮುಚ್ಚಿದ. ಕೊನೆಗೆ, ‘ಬ್ಯಾಕಪ್ ಐತಾ ಮೇಡಂ?’ ಎಂದ.

‘ಇದೆಯಲ್ಲ’ ಎಂದೆ. ನನಗೆ ಉತ್ತರ ಗೊತ್ತಿದ್ದ ಒಂದೇ ಪ್ರಶ್ನೆ ಅದು. ‘ಎರಡು ಗಂಟೆ ಬರುತ್ತೆ. ಹೋದ ತಿಂಗಳು ತಾನೇ ನೀರು ಹಾಕಿಸಿದ್ದೀನಿ.’

ಫಯಾಜ್ ಟೀ ಲೋಟವನ್ನು ಕೆಳಗಿಟ್ಟ. ‘ಅದು ಯುಪಿಎಸ್ಸು ಮೇಡಂ. ಅದು ಕರೆಂಟಿನ ಬ್ಯಾಕಪ್ಪು. ನಾನ್ ಕೇಳಿದ್ದು ಡೇಟಾದು. ಸಾಫ್ಟ್‌ವೇರ್ ಬದ್ಲಾಯಿಸೋಕ್ ಮುಂಚೆ ಎಲ್ಲಾದ್ನೂ ಇನ್ನೊಂದ್ ಕಡೆ ನಕಲು ಮಾಡಿಟ್ಕೋತಾರಲ್ಲ, ಅದು.’

ಆಗ ನನಗೆ ಶನಿವಾರದ ಒಂದು ಮಾತು ನೆನಪಿಗೆ ಬಂತು. ನಿಮಗೆ ಇದುವರೆಗೆ ಹೇಳಿಲ್ಲ. ಸಂದೀಪ್ ಕೆಲಸ ಶುರು ಮಾಡುವ ಮೊದಲು, ‘ಬ್ಯಾಕಪ್ ಇದೆ ತಾನೇ?’ ಎಂದು ನನ್ನನ್ನು ಕೇಳಿದ್ದ. ನಾನು ಬ್ಯಾಟರಿಗಳ ಕಡೆ ಕೈ ತೋರಿಸಿ, ಯಾವ ಭಯವೂ ಇಲ್ಲ ಎಂದಿದ್ದೆ. ಅವನು ಆಗ ಕಿವಿಯ ಯಂತ್ರದಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ. ನನ್ನ ಕೈ ನೋಡಲಿಲ್ಲ, ಮಾತು ಮಾತ್ರ ಕೇಳಿಸಿಕೊಂಡ. ಇದನ್ನು ಫಯಾಜನಿಗೆ ಹೇಳಿದೆ. ಅವನು ನಗಲಿಲ್ಲ, ಅದು ಅವನ ದೊಡ್ಡ ಗುಣ. ‘ಇಬ್ರೂ ಒಂದೇ ಮಾತಾಡಿದ್ದೀರಿ ಬುಡಿ’ ಎಂದಷ್ಟೇ ಹೇಳಿ, ‘ಹಳೇ ಡಿಸ್ಕ್ ಬಿಚ್ಚಿದ ಅಂದ್ರಲ್ಲ. ಅದ್ ಏನಾಯ್ತು?’ ಎಂದು ಕೇಳಿದ.

ಹಳೆಯ ಡಿಸ್ಕು ಏನಾಯಿತು? ನನಗೆ ಗೊತ್ತಿರಲಿಲ್ಲ. ಫಯಾಜ್ ಅಂಗಡಿಗೆ ಬಾಗಿಲು ಎಳೆದು, ನನ್ನನ್ನು ಬಸ್ಸಿಗೆ ಕಾಯಲು ಬಿಡದೆ, ಪರಿಚಯದವರ ವ್ಯಾನು ಹಿಡಿದು ಅದೇ ಮಧ್ಯಾಹ್ನ ಫ್ಯಾಕ್ಟರಿಗೆ ಕರೆತಂದ. ದಾರಿಯುದ್ದಕ್ಕೂ ನಾನು ಸಾಫ್ಟ್‌ವೇರ್ ಮಾಡುವವರ ವಂಶವನ್ನೆಲ್ಲ ಬೈಯುತ್ತಾ ಬಂದೆ. ಅವನು ಸ್ವಲ್ಪ ದೂರ ಕೇಳಿ, ‘ಅವ್ರು ಕೆಟ್ಟದ್ ಮಾಡಿಲ್ಲ ಮೇಡಂ. ಹಳೇದ್ರಲ್ಲಿ ಒಂದು ಗೋಡೆ ಸೊಟ್ಟಗಿತ್ತು, ನೆಟ್ಟಗ್ ಮಾಡವ್ರೆ. ಎಲ್ಲಾ ದೇಶದ್ ಲಿಪೀನೂ ಸರ್ಯಾಗ್ ಕೂರ್ಲಿ ಅಂತಾನೇ ಮಾಡಿರೋದು. ನಾನು ಆ ಸೊಟ್ಟ ಗೋಡೆಗೇ ಮೊಳೆ ಹೊಡ್ದು ನಿಮ್ಮೆಲ್ಲರ ಹೆಸ್ರು ತಗಲಾಕಿದ್ದೆ. ಗೋಡೆ ನೆಟ್ಟಗಾಯ್ತು, ಮೊಳೆ ಬಿತ್ತು’ ಎಂದ. ಅಂದರೆ ಕನ್ನಡ ಸರಿಯಾಗಿ ಬರಲೆಂದು ಮಾಡಿದ ಸುಧಾರಣೆಯಿಂದ ನಮ್ಮ ಕನ್ನಡ ಹೋಯಿತು. ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಇನ್ನೂ ರೇಗಿತು. ಗೋಡೆ ನೆಟ್ಟಗೆ ಮಾಡುವವರು, ಮನೆಯಲ್ಲಿ ಜನ ಇದ್ದಾರೆಯೇ ಎಂದು ಒಮ್ಮೆ ಕೂಗಿ ಕೇಳಬಾರದೇ?

ಹಳೆಯ ಸಾಮಾನೆಲ್ಲ ಹೋಗುವುದು ಸ್ಟೋರಿಗೆ. ಗಾರ್ಮೆಂಟ್ ಫ್ಯಾಕ್ಟರಿಯ ಸ್ಟೋರು ಎಂದರೆ ತಮಾಷೆಯಲ್ಲ. ಅಲ್ಲಿ ಮುರಿದ ಸೂಜಿಯ ಚೂರುಗಳನ್ನೂ ದಿನಾಂಕ ಹಾಕಿ ಅಂಟಿಸಿಡುತ್ತಾರೆ. ಚೂರು ಅಂಗಿಯೊಳಗೆ ಉಳಿದರೆ ಯಾರ ಕುತ್ತಿಗೆಗಾದರೂ ಚುಚ್ಚೀತು ಎಂಬ ಭಯ. ಅಷ್ಟು ಜಾಗರೂಕತೆಯ ಸ್ಟೋರಿನಲ್ಲಿ ನಾನು, ಫಯಾಜ್, ಚಿಕ್ಕತಾಯಮ್ಮನ ಲೈನಿನ ಮಾದೇವಿ ಮೂವರೂ ಒಂದು ಗಂಟೆ ಹುಡುಕಿದೆವು. ಸಿಕ್ಕಲಿಲ್ಲ. ಕೊನೆಗೆ ಮಾದೇವಿ ಪ್ಯಾಟರ್ನ್ ಕೋಣೆಗೆ ಹೋಗಿ ಬಂದು, ‘ಮೇಡಂ, ಕಬ್ಬುಣದ್ ಡಬ್ಬಿ ತರ ಇರ್ತದಾ?’ ಎಂದು ಕೇಳಿದಳು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅಂಗಿಯ ನಕ್ಷೆಗಳ ಮೇಲೆ ಅದನ್ನು ಹೇರಿಟ್ಟಿದ್ದರು. ಐನೂರು ಹೆಂಗಸರ ಮೂರು ವರ್ಷ, ಒಂದು ತೋಳಿನ ನಕ್ಷೆಯನ್ನು ಅದುಮಿಕೊಂಡು ಕೂತಿತ್ತು.

ಫಯಾಜ್ ಅದನ್ನು ತನ್ನ ಅಂಗಿಯ ತುದಿಯಿಂದ ಒರೆಸಿ, ಮೂಲೆಯಲ್ಲಿದ್ದ ಇನ್ನೊಂದು ಹಳೆಯ ಕಂಪ್ಯೂಟರಿಗೆ ತೊಡಿಸಿದ. ಅದು ಏಳಲು ತುಂಬಾ ಹೊತ್ತು ತೆಗೆದುಕೊಂಡಿತು. ಒಂದು ಸಲ ಕಟಕಟ ಎಂದು ಸದ್ದು ಮಾಡಿ ನಿಂತೂ ಬಿಟ್ಟಿತು. ಫಯಾಜ್ ಆರಿಸಿ, ಕೇಬಲ್ಲು ಒತ್ತಿ, ಮತ್ತೆ ಹಾಕಿದ. ನಾನು ಆ ಹೊತ್ತಿನಲ್ಲಿ ಯಾವ ಯಾವ ದೇವರಿಗೆ ಏನೇನು ಹೇಳಿಕೊಂಡೆನೋ, ಎಲ್ಲವನ್ನೂ ತೀರಿಸಿದ್ದೇನೆಂದು ಹೇಳಲಾರೆ. ಕೊನೆಗೆ ಆಯಸ್ಸು ಮುಗಿದ ಹಳೆಯ ವರ್ಷನ್ನು ಎದ್ದು ಬಂತು. ಅವನು ಟೋಕನ್ ನಂಬರು ಕುಟ್ಟಿದ. ಪರದೆಯ ಮೇಲೆ ‘ಚಿಕ್ಕತಾಯಮ್ಮ, ಬೈರಾಪಟ್ಟಣ’ ಎಂದು ಬಂತು. ಪಕ್ಕದಲ್ಲಿ ‘ರಜೆ, ಆಸ್ಪತ್ತೆ’ ಎಂದು ನಾನೇ ಬರೆದದ್ದು. ‘ಆಸ್ಪತ್ರೆ’ ಎಂಬಲ್ಲಿ ಒಂದು ಒತ್ತು ತಪ್ಪಾಗಿತ್ತು. ಅಷ್ಟು ಚೆಂದದ ತಪ್ಪನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಹನ್ನೊಂದು ಜನರದ್ದೂ ಅಚ್ಚು ಹಾಕಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೂ ಓದಿದರು. ‘ಇದು ಹಳೇ ಸಿಸ್ಟಂ’ ಎಂದರು. ‘ಸಿಸ್ಟಂ ಹೇಳ್ತಾ ಇದೆ ಸಾರ್’ ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಕಾಗದಗಳನ್ನು ನೋಡಿ, ಹನ್ನೊಂದು ಪತ್ರಗಳನ್ನೂ ರದ್ದು ಮಾಡಿ ಬರೆದರು. ಕ್ಷಮೆ ಕೇಳಲಿಲ್ಲ. ಅವರಿಗೆ ಅದು ಬರುವುದೂ ಇಲ್ಲ. ಆದರೆ ಚಿಕ್ಕತಾಯಮ್ಮನ ಮೆಷಿನ್ನಿಗೆ ಹೇಳಿದ್ದವಳನ್ನು ಬೇರೆ ಲೈನಿಗೆ ಹಾಕಿದರು. ರಜೆ ಮುಗಿಸಿ ಅವಳು ಬಂದ ದಿನ ಮೊದಲು ಮಾಡಿದ ಕೆಲಸ, ಮೆಷಿನ್ನಿನ ಎಣ್ಣೆ ನೋಡಿದ್ದು. ‘ಯಾರೋ ಮುಟ್ಟವ್ರೆ’ ಎಂದು ಗೊಣಗಿದಳು. ಕುಡುಗೋಲಿನ ಕಾಗದ ವಾಪಸು ಕೊಡು, ಫೈಲಿಗೆ ಬೇಕು ಎಂದು ಕೇಳಿದರೆ ಕೊಡಲಿಲ್ಲ. ‘ಇರ್ಲಿ ಬುಡಿ ಮೇಡಂ. ನನ್ ಮಗ್ಳು ಫ್ಯಾಕ್ಟ್ರಿಗೋಯ್ತೀನಿ ಅಂದ್ರೆ ತೋರಿಸ್ತೀನಿ.’

ಆ ಜಯದ ಬಿಸಿಯಲ್ಲಿ ನಾನು ಸುಮ್ಮನಿರಬೇಕಿತ್ತು. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಇಪ್ಪತ್ತು ನಿಮಿಷ ಮಾತಾಡಿದೆ. ಓದದೆ ಒತ್ತುವವರ ಮೇಲೆ, ಓದಿದ್ದೇನೆಂದು ಸುಳ್ಳು ಹೇಳುವವರ ಮೇಲೆ, ಬಿಳಿ ಅಂಗಿಯ ಮೇಲೆ. ಇನ್ನು ಮುಂದೆ ಈ ಫ್ಯಾಕ್ಟರಿಯಲ್ಲಿ ಯಾವ ಸಾಫ್ಟ್‌ವೇರ್ ಬದಲಾದರೂ, ಅದರ ರಿಲೀಸ್ ನೋಟ್ಸನ್ನು ಜವಾಬ್ದಾರಿಯುಳ್ಳ ಒಬ್ಬರು ಮೊದಲಿಂದ ಕೊನೆಯವರೆಗೆ ಓದಿ, ‘ಓದಿ ಅರ್ಥ ಮಾಡಿಕೊಂಡಿದ್ದೇನೆ’ ಎಂದು ಬರೆದು ಸಹಿ ಹಾಕದ ಹೊರತು ಮುಟ್ಟಬಾರದು ಎಂದೆ. ಎಲ್ಲರೂ ಒಪ್ಪಿದರು. ಮ್ಯಾನೇಜರು ಅತ್ಯಂತ ಸಂತೋಷದಿಂದ ಒಪ್ಪಿದರು. ಆ ಜವಾಬ್ದಾರಿಯುಳ್ಳ ಒಬ್ಬರು ನಾನೇ ಎಂದು ಅಲ್ಲೇ ಬರೆಸಿಬಿಟ್ಟರು.

ಹಳೆಯ ಡಿಸ್ಕಿನಲ್ಲೇ ಕೆಲಸ ಸಾಗಿಸುತ್ತಿದ್ದೆವು; ಕೆಲವು ತಿಂಗಳ ಮೇಲೆ ಹೊಸ ವರ್ಷನ್ನಿಗೆ ಹೋಗಲೇಬೇಕಾಯಿತು. ಈ ಸಲ ಕೆಲಸಕ್ಕೆ ಫಯಾಜನನ್ನೇ ಕರೆಸಿದೆವು. ಅವನು ಎರಡು ಕಡೆ ನಕಲು ಮಾಡಿಟ್ಟುಕೊಂಡ, ಬೇರೆ ಯಂತ್ರದಲ್ಲಿ ಮೊದಲು ಪರೀಕ್ಷೆ ಮಾಡಿದ, ಒಂದೊಂದು ಅಕ್ಷರಕ್ಕೂ ನೀನು ಕನ್ನಡ ಎಂದು ಹೇಳಿಸಿದ. ಆಮೇಲೆ ರಿಲೀಸ್ ನೋಟ್ಸನ್ನು ಅಚ್ಚು ಹಾಕಿ ನನ್ನ ಮೇಜಿನ ಮೇಲಿಟ್ಟ. ಒಂದು ಮದುವೆಯ ಊಟದ ಎಲೆಯ ಕಟ್ಟಿನಷ್ಟು ದಪ್ಪವಿತ್ತು. ಎಲ್ಲಾ ಇಂಗ್ಲಿಷು, ಅದೂ ಮನುಷ್ಯರು ಮನುಷ್ಯರಿಗೆ ಬರೆದ ಇಂಗ್ಲಿಷಲ್ಲ. ನಾನು ಕನ್ನಡಕ ಹಾಕಿಕೊಂಡು ಓದಲು ಕೂತೆ. ಮೊದಲನೆಯ ಪುಟ ಎರಡು ಸಲ ಓದಿದೆ. ಎರಡನೆಯ ಪುಟದಲ್ಲಿ ಮೊದಲನೆಯದು ಮರೆಯಿತು. ಮೂರನೆಯ ಪುಟದ ನಡುವೆ ಚಿತ್ರಾನ್ನದ ಡಬ್ಬಿ ತೆಗೆದೆ. ‘ಆಯ್ತಾ ಮೇಡಂ?’ ಎಂದು ಫಯಾಜ್ ಬಾಗಿಲಲ್ಲಿ ನಿಂತು ಕೇಳಿದ. ಐದೂವರೆಯ ಬಸ್ಸು ಗೇಟಿನ ಹೊರಗೆ ಹಾರನ್ ಹೊಡೆಯುತ್ತಿತ್ತು. ಕೊನೆಯ ಪುಟ ತಿರುಗಿಸಿ, ‘ಓದಿ ಅರ್ಥ ಮಾಡಿಕೊಂಡಿದ್ದೇನೆ’ ಎಂದು ದುಂಡಗೆ ಬರೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದೆ.

ಸೋಮವಾರ ಅರ್ಧ ಗಂಟೆ ಮೊದಲೇ ಹೋಗಿ ಗೇಟಿನಲ್ಲಿ ನಿಂತೆ. ಮಾದೇವಿ ಉಜ್ಜಿದಳು, ಮಾದೇವಿ ಎಂದು ಬಂತು. ಹಿಂದಿನವಳದು ಬಂತು, ಅದರ ಹಿಂದಿನವಳದು ಬಂತು. ಚಿಕ್ಕತಾಯಮ್ಮ ತನ್ನ ಹೆಸರನ್ನು ಬೆರಳಿಟ್ಟು ಒಂದೊಂದೇ ಅಕ್ಷರವಾಗಿ ಓದಿಕೊಂಡು, ‘ಎಲ್ಲಾ ಸರ್ಯಾಗೈತೆ ಮೇಡಂ’ ಎಂದಳು. ‘ಫಯಾಜ್ ಹೇಳ್ದ, ಈ ಸರ್ತಿ ನೀವು ಆ ದಪ್ಪ ಪುಸ್ತಕ ಪೂರ್ತಿ ಓದಿದ್ರಂತೆ. ಓದೋರು ಇರ್ಬೇಕು ಕಣ್ ಮೇಡಂ, ಇಲ್ದಿದ್ರೆ ನಮ್ಮಂತೋರ್ ಗತಿ ಏನು.’

ನಾನು ಹೂಂ ಎಂದೆ. ಅವತ್ತು ಒಬ್ಬಳು ಹತ್ತು ನಿಮಿಷ ತಡವಾಗಿ ಬಂದಳು, ಸ್ಟೋರಿನವರು ನನ್ನ ಕುರ್ಚಿ ತೆಗೆದುಕೊಂಡು ಹೋಗಿದ್ದರು, ಮನೆಗೆ ಹೋದರೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ನಾನು ಯಾರ ಮೇಲೂ ರೇಗಲಿಲ್ಲ. ನಮ್ಮ ಮನೆಯವರು ಹತ್ತಿರ ಬಂದು, ಹಣೆ ಮುಟ್ಟಿ, ಜ್ವರ ಬಂದಿದೆಯಾ ಎಂದು ಕೇಳಿದರು.